ಬರಿ ನೆಲದಿಂದ ಎದ್ದು ಬರುವ ನೆಲಸಂಪಿಗೆ

ತಪಸ್ಸುಕಾಲದ ಕೊನೆಯ ವಾರಗಳೆಂದರೆ ನಮ್ಮ ನಾಡಿನಲ್ಲಿ ಬಿರುಬೇಸಗೆಯ ದಿನಗಳು. ಬಾವಿಯ ನೀರು ತಳ ಸೇರಿರುತ್ತದೆ. ಹಿತ್ತಿಲಿನ ಹುಲ್ಲು ಒಣಗಿರುತ್ತದೆ. ಮಾವು, ಹಲಸಿನ ಮರಗಳ ಬುಡದಲ್ಲಿ ತರಗೆಲೆಯನ್ನು ಬಿಟ್ಟರೆ ಕಣ್ಣಿಗೆ ಬೇರೇನೂ ಬೀಳದು. ಹಾಗಿರುವಾಗ ಒಂದು ಬೆಳಿಗ್ಗೆ ಆ ತರಗೆಲೆಗಳ ನಡುವೆ, ನೆಲಕ್ಕೆ ಅಂಟಿಕೊಂಡಂತೆ, ಬಿಳಿಯ ಮೇಲೆ ನೇರಳೆ ತೀಡಿದ ಹೂವೊಂದು ಅರಳಿರುತ್ತದೆ. ಸುತ್ತ ಗಿಡವಿಲ್ಲ, ಕಾಂಡವಿಲ್ಲ, ಒಂದು ಎಲೆಯೂ ಇಲ್ಲ. ಬಗ್ಗಿ ಮೂಸಿದರೆ ನವುರಾದ ಪರಿಮಳ. ಇದೇ ನೆಲಸಂಪಿಗೆ.

ಪ್ರಿಯ ಓದುಗರೇ, ಈ ಹೂವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅಜ್ಜಿಯ ಮನೆಯ ಹಿತ್ತಿಲಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿ, ಕಾಫಿಗಿಡಗಳ ನೆರಳಿನಲ್ಲಿ ಅದನ್ನು ದಾಟಿ ನಡೆದಿರಬಹುದು. ಹೆಸರು ತಿಳಿಯದೆ ಹೋಗಿರಲೂಬಹುದು. ಇಂದು ಅಂಗಳಗಳಿಂದ ಸದ್ದಿಲ್ಲದೆ ಮರೆಯಾಗುತ್ತಿರುವ ಗಿಡಗಳಲ್ಲಿ ಇದೂ ಒಂದು. ಅದನ್ನು ಗುರುತಿಸುವುದು ಹೇಗೆ, ಬೆಳೆಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಹೆಸರು ಹಲವು, ಹೂವು ಒಂದೇ

ಗಡಿನಾಡಿನಲ್ಲಿ ಬಾಳುವ ನಮಗೆ ಒಂದೇ ವಸ್ತುವನ್ನು ಮೂರು ನಾಲ್ಕು ಹೆಸರುಗಳಿಂದ ಕರೆಯುವುದು ಹೊಸದಲ್ಲ. ಮನೆಯಲ್ಲಿ ಒಂದು ಹೆಸರು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ನೆಲಸಂಪಿಗೆಯ ಕಥೆಯೂ ಹಾಗೆಯೇ. ಕನ್ನಡದ ನೆಲಸಂಪಿಗೆ ಸಂಸ್ಕೃತದಲ್ಲಿ ಭೂಮಿಚಂಪಕ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಮರಾಠಿಯಲ್ಲಿ ಅದು ಭುಈಚಾಫಾ. ಮೂರರ ಅರ್ಥವೂ ಒಂದೇ: ನೆಲದಲ್ಲಿ ಅರಳುವ ಸಂಪಿಗೆ. ಆದರೆ ಆದವಾನಿ, ರಾಯದುರ್ಗದ ಕಡೆಯ ತೆಲುಗಿನಲ್ಲಿ ಇದಕ್ಕೆ ಕೊಂಡಕಲುವ, ಅಂದರೆ ಬೆಟ್ಟದ ನೈದಿಲೆ ಎಂಬ ಹೆಸರಿದೆ. ಕಾಸರಗೋಡು, ವಯನಾಡಿನ ಮಲಯಾಳದಲ್ಲಿ ಚೆಂಗಳಿನೀರ್ ಕಿಳಂಗು ಎನ್ನುತ್ತಾರೆ. ಚೆಂಗಳಿನೀರ್ ಎಂಬುದೂ ಒಂದು ಬಗೆಯ ನೈದಿಲೆಯ ಹೆಸರೇ. ಹೂವಿನ ಪರಿಮಳವನ್ನು ನೆನೆದವರು ಸಂಪಿಗೆ ಎಂದರು, ನೀರಿನ ಮೇಲೆ ತೇಲಿದಂತೆ ಕಾಣುವ ಅದರ ರೂಪವನ್ನು ನೆನೆದವರು ನೈದಿಲೆ ಎಂದರು.

ನಿಜಕ್ಕೂ ಇದು ಸಂಪಿಗೆಯ ಬಳಗವೂ ಅಲ್ಲ, ನೈದಿಲೆಯ ಬಳಗವೂ ಅಲ್ಲ. ಶುಂಠಿ, ಅರಿಶಿನ, ಏಲಕ್ಕಿಗಳ ಮನೆತನಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದ ಹೆಸರು ಕೆಂಫೇರಿಯಾ ರೋಟುಂಡ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ೧೭೫೩ರಲ್ಲಿ ಈ ಹೆಸರನ್ನಿಟ್ಟ. ಏಷ್ಯದ ನಾಡುಗಳನ್ನು ಸುತ್ತಿ, ಜಪಾನಿನವರೆಗೂ ಹೋಗಿ, ಅಲ್ಲಿನ ಗಿಡಮೂಲಿಕೆಗಳ ಬಗ್ಗೆ ಬರೆದ ಜರ್ಮನಿಯ ವೈದ್ಯ ಎಂಗೆಲ್ಬರ್ಟ್ ಕೆಂಫರ್‌ನ (೧೬೫೧–೧೭೧೬) ನೆನಪಿಗೆ ಇಟ್ಟ ಹೆಸರದು.

ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ. ನಮ್ಮ ಓದುಗರಿಗೆ ಅದು ವಿಶೇಷವಾಗಿ ಹಿಡಿಸೀತು. ಅದು ರೆಸರೆಕ್ಷನ್ ಲಿಲಿ, ಅಂದರೆ ಪುನರುತ್ಥಾನದ ಲಿಲ್ಲಿ. ತಿಂಗಳುಗಟ್ಟಲೆ ಸತ್ತಂತೆ ಮಣ್ಣಿನಲ್ಲಿ ಮಲಗಿ, ಎಲೆ ಕಾಂಡಗಳ ಸುಳಿವೂ ಇಲ್ಲದ ನೆಲದಿಂದ ಹೂವಾಗಿ ಎದ್ದು ಬರುವುದರಿಂದ ಆ ಹೆಸರು ಸರಿಯಾಗಿ ಒಪ್ಪುತ್ತದೆ. ಅಮೆರಿಕದಲ್ಲಿ ಬೆಳೆಸುವ, ಈ ಕುಟುಂಬಕ್ಕೆ ಸೇರದ ಬೇರೊಂದು ಗೆಡ್ಡೆಹೂವಿಗೂ ಅದೇ ಹೆಸರಿದೆ. ಆದ್ದರಿಂದ ಪುಸ್ತಕ ಓದಿ ಗಿಡ ತರಿಸುವವರು ಸಸ್ಯಶಾಸ್ತ್ರದ ಹೆಸರನ್ನು ನೋಡಿಕೊಳ್ಳುವುದು ಒಳ್ಳೆಯದು.

ಮಲಬಾರಿನ ಹಳೆಯ ಗ್ರಂಥದಲ್ಲಿ

ಲಿನೇಯಸ್ ಹೆಸರಿಡುವ ಎಷ್ಟೋ ವರ್ಷ ಮೊದಲೇ ನಮ್ಮ ಪಡುವಣ ಕರಾವಳಿಯ ವೈದ್ಯರು ಈ ಗಿಡವನ್ನು ಬಲ್ಲವರಾಗಿದ್ದರು. ಅದಕ್ಕೆ ಸಾಕ್ಷಿ 'ಹೋರ್ತುಸ್ ಮಲಬಾರಿಕುಸ್', ಅಂದರೆ ಮಲಬಾರಿನ ತೋಟ ಎಂಬ ಮಹಾಗ್ರಂಥ. ಕೊಚ್ಚಿಯಲ್ಲಿ ಡಚ್ಚರ ಆಡಳಿತಗಾರನಾಗಿದ್ದ ಹೆಂಡ್ರಿಕ್ ವಾನ್ ರೀಡ್ ಅದನ್ನು ಸಿದ್ಧಪಡಿಸಿದ. ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅದರ ೧೨ ಸಂಪುಟಗಳು ಅಚ್ಚಾದವು. ೭೦೦ಕ್ಕೂ ಹೆಚ್ಚು ಗಿಡಮರಗಳ ವಿವರ ಅದರಲ್ಲಿದೆ. ನೆಲಸಂಪಿಗೆ ಅದರಲ್ಲಿ 'ಮಲನ್ ಕುವ' ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿದೆ.

ಈ ಗ್ರಂಥದ ಹಿಂದಿದ್ದವರನ್ನು ನೆನೆದರೆ ಮನಸ್ಸು ತುಂಬುತ್ತದೆ. ಗಿಡಗಳ ಗುಣವನ್ನು ಹೇಳಿಕೊಟ್ಟವರಲ್ಲಿ ಪ್ರಮುಖರು ಚೇರ್ತಲದ ಕಡೆಯ ನಾಟಿವೈದ್ಯ ಇಟ್ಟಿ ಅಚ್ಯುತನ್. ಅವರ ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣ ವೈದ್ಯರಿದ್ದರು. ಕೆಲಸದ ಆರಂಭದಲ್ಲಿ ನೆರವಾದವರು ಇಟಲಿಯ ಕಾರ್ಮೆಲ್ ಸಭೆಯ ಧರ್ಮಗುರು, ಸಂತ ಜೋಸೆಫರ ಮತ್ತೇಯು. ಗಿಡಗಳ ಚಿತ್ರ ಬರೆಯುವ ಹವ್ಯಾಸ ಅವರಿಗಿತ್ತು. ಜಾತಿ, ಮತ, ಭಾಷೆಗಳ ಬೇಲಿ ಇಂದಿಗಿಂತಲೂ ಎತ್ತರವಾಗಿದ್ದ ಆ ಕಾಲದಲ್ಲಿ ಒಬ್ಬ ಈಳವ ವೈದ್ಯ, ಮೂವರು ಬ್ರಾಹ್ಮಣರು, ಒಬ್ಬ ಕಥೋಲಿಕ ಗುರು, ಒಬ್ಬ ಪ್ರೊಟೆಸ್ಟೆಂಟ್ ಅಧಿಕಾರಿ ಒಂದೇ ಕೆಲಸದಲ್ಲಿ ಕೈಜೋಡಿಸಿದರು. ಕೇರಳದ ಸಸ್ಯಶಾಸ್ತ್ರಜ್ಞ ಕೆ. ಎಸ್. ಮಣಿಲಾಲ್ ಅವರು ದಶಕಗಳ ಕಾಲ ದುಡಿದು ಇದನ್ನು ಇಂಗ್ಲಿಷಿಗೆ ತಂದರು. ೨೦೦೩ರಲ್ಲಿ ಕೇರಳ ವಿಶ್ವವಿದ್ಯಾನಿಲಯ ಅದನ್ನು ಪ್ರಕಟಿಸಿತು.

ಹೂವು ಮೊದಲು, ಎಲೆ ಆಮೇಲೆ

ನೆಲಸಂಪಿಗೆ ವರ್ಷ ವರ್ಷವೂ ಅದೇ ಗೆಡ್ಡೆಯಿಂದ ಚಿಗುರುವ ಗಿಡ. ಅದರ ವರ್ಷ ನಮ್ಮ ಕ್ಯಾಲೆಂಡರಿನಂತೆ ಜನವರಿಯಲ್ಲಿ ಆರಂಭವಾಗುವುದಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ನೆಲ ಕಾದು, ಒಂದೆರಡು ಬೇಸಗೆ ಮಳೆ ಬಿದ್ದಾಗ ಆರಂಭವಾಗುತ್ತದೆ. ಕೆಲವೆಡೆ ಮಳೆಗೂ ಕಾಯದೆ ಹೂವು ಮೇಲೆ ಬರುತ್ತದೆ. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ ಅಶ್ವಿನಿ, ಭರಣಿ ಮಳೆಗಳ ಆಸುಪಾಸು. ಒಂದು ಬುಡದಿಂದ ಕೆಲವು ಹೂವುಗಳು ಒಂದರ ನಂತರ ಒಂದರಂತೆ ಅರಳುತ್ತವೆ. ಒಂದೊಂದು ಹೂವಿನ ಬಾಳು ಒಂದೇ ದಿನ. ಬೆಳಿಗ್ಗೆ ಅರಳಿದ್ದು ಸಂಜೆಗೆ ಬಾಡುತ್ತದೆ, ಮಾರನೆಯ ದಿನ ಪಕ್ಕದ ಮೊಗ್ಗಿನ ಸರದಿ.

ಹೂವನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಸೋಜಿಗ. ನಮಗೆ ದಳಗಳಂತೆ ಕಾಣುವ ಅಗಲವಾದ ಬಿಳಿಯ ಭಾಗಗಳು ನಿಜವಾದ ದಳಗಳಲ್ಲ. ಅವು ಕೇಸರಗಳು ರೂಪ ಬದಲಿಸಿದ್ದು. ಕೆಳಗೆ ಎರಡಾಗಿ ಸೀಳಿದ ನೇರಳೆ ತುಟಿಯೂ ಅದೇ ಬಗೆಯದು. ನಿಜವಾದ ದಳಗಳು ಸಪೂರವಾಗಿ, ಹಿಂದೆ ಸರಿದು, ಎದ್ದು ಕಾಣದಂತಿರುತ್ತವೆ. ಪರಾಗ ಹೊತ್ತ ಕೇಸರ ಒಂದೇ ಒಂದು. ಶುಂಠಿಯ ಮನೆತನಕ್ಕೆಲ್ಲ ಇದೇ ಲಕ್ಷಣ.

ಹೂವಿನ ಕಾಲ ಮುಗಿಯುತ್ತಿದ್ದಂತೆ ಸುರುಳಿ ಸುತ್ತಿದ ಎಲೆಗಳು ಮೊಳೆಯುತ್ತವೆ. ಜೂನ್ ಮಳೆಯ ಹೊತ್ತಿಗೆ ಮೊಣಕಾಲಿನಷ್ಟು ಎತ್ತರ ನಿಲ್ಲುತ್ತವೆ. ಎಲೆಯ ಮೇಲ್ಭಾಗದಲ್ಲಿ ಕಡುಹಸಿರು ಮತ್ತು ತಿಳಿಹಸಿರಿನ ಚಿತ್ತಾರ, ಕೆಳಭಾಗದಲ್ಲಿ ದಟ್ಟ ನೇರಳೆ. ಹೂವಿಲ್ಲದಿದ್ದರೂ ಎಲೆಯ ಅಂದಕ್ಕಾಗಿಯೇ ಇದನ್ನು ಬೆಳೆಸುವವರು ಹೊರದೇಶಗಳಲ್ಲಿ ಬಹಳ ಮಂದಿ. ಈ ಕುಲದ ಗಿಡಗಳನ್ನು ಇಂಗ್ಲಿಷಿನಲ್ಲಿ ನವಿಲುಶುಂಠಿ ಎಂದು ಕರೆಯುವುದು ಈ ಚಿತ್ತಾರದಿಂದಲೇ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಸಿಲು ಬೀಳದ ಮರದಡಿಯ ಪಾತಿಗಳಿಗೆ ಇವು ಅಚ್ಚುಮೆಚ್ಚು.

ನವೆಂಬರ್, ಡಿಸೆಂಬರ್ ಬರುತ್ತಿದ್ದಂತೆ ಎಲೆಗಳು ಹಳದಿಯಾಗಿ, ಒಣಗಿ, ನೆಲಕ್ಕೆ ಬೀಳುತ್ತವೆ. ಅಲ್ಲಿಂದ ಮೂರು ನಾಲ್ಕು ತಿಂಗಳು ಗಿಡದ ಗುರುತೇ ಇರುವುದಿಲ್ಲ. ಮಣ್ಣಿನ ಕೆಳಗೆ ಸಣ್ಣ ಗೆಡ್ಡೆ, ಅದರಿಂದ ಇಳಿಬಿದ್ದ ಬೇರುಗಳ ತುದಿಯಲ್ಲಿ ಮೊಟ್ಟೆಯಾಕಾರದ ಬುಗುಟುಗಳು. ಮಳೆಗಾಲದಲ್ಲಿ ಎಲೆಗಳು ದುಡಿದು ಗಳಿಸಿದ ಆಹಾರವೆಲ್ಲ ಅಲ್ಲಿ ಕೂಡಿಟ್ಟಿರುತ್ತದೆ. ಬೇಸಗೆಯಲ್ಲಿ ಎಲೆಯಿಲ್ಲದೆ ಹೂವು ಬಿಡಲು ಸಾಧ್ಯವಾಗುವುದು ಆ ಉಳಿತಾಯದಿಂದಲೇ.

ಇದರಲ್ಲಿ ಕಾಡಿನ ಬುದ್ಧಿವಂತಿಕೆ ಇದೆ. ಎಲೆ ಉದುರಿಸುವ ಕಾಡುಗಳಲ್ಲಿ ಬೇಸಗೆಯ ಆರಂಭಕ್ಕೆ ನೆಲದ ಪೊದೆ ಹುಲ್ಲುಗಳೆಲ್ಲ ಒಣಗಿ ಬಯಲಾಗಿರುತ್ತದೆ. ಆಗ ನೆಲಮಟ್ಟದಲ್ಲಿ ಅರಳಿದ ಹೂವು ಜೇನಿನಂಥ ಕೀಟಗಳಿಗೆ ಸುಲಭವಾಗಿ ಕಾಣುತ್ತದೆ. ಮಳೆ ಹಿಡಿದು ಮರಗಳು ಚಿಗುರಿ ನೆರಳು ದಟ್ಟವಾದಾಗ, ಆ ಮಬ್ಬು ಬೆಳಕಿನಲ್ಲೇ ಎಲೆಗಳು ತಮ್ಮ ಕೆಲಸ ಮಾಡುತ್ತವೆ. ದೊಡ್ಡ ಮರಗಳ ಜೊತೆ ಬೆಳಕಿಗಾಗಿ ಜಗಳವಾಡದೆ, ಅವುಗಳ ಕಾಲಬಳಿಯಲ್ಲೇ ತನ್ನ ಪಾಲನ್ನು ಪಡೆಯುವ ಗಿಡ ಇದು.

ಖಾಲಿ ಎಂದು ತೋರುವ ಜಾಗ

ನೆಲಸಂಪಿಗೆಗೆ ಬಂದಿರುವ ಕುತ್ತು ಈ ಮೂರು ನಾಲ್ಕು ತಿಂಗಳ ನಿದ್ದೆಯಲ್ಲಿಯೇ ಇದೆ. ಮನೆ ದುರಸ್ತಿ, ಅಂಗಳದ ಕೆಲಸ, ಮದುವೆಯ ಚಪ್ಪರ ಇವೆಲ್ಲ ನಡೆಯುವುದು ಮಳೆ ನಿಂತ ಮೇಲೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ಗಿಡ ಕಣ್ಣಿಗೆ ಬೀಳದಿರುವುದೂ ಅದೇ ತಿಂಗಳುಗಳಲ್ಲಿ. ಖಾಲಿ ಜಾಗವೆಂದು ಅಗೆಯುತ್ತಾರೆ, ಜಲ್ಲಿ ಸುರಿಯುತ್ತಾರೆ, ಇಂಟರ್‌ಲಾಕ್ ಹಾಸುತ್ತಾರೆ. ತೋಟಗಳಲ್ಲಾದರೆ ಕಳೆನಾಶಕ. ಕಳೆಗಳ ಜೊತೆ ನೆರಳಿನ ಗಿಡಗಳ ಎಳೆಯ ಚಿಗುರೂ ಸುಟ್ಟುಹೋಗುತ್ತದೆ. ಒಂದು ವರ್ಷದ ಎಲೆ ಹೋದರೆ ಮುಂದಿನ ವರ್ಷದ ಉಳಿತಾಯವೂ ಹೋದಂತೆ. ಎರಡು ಮೂರು ವರ್ಷ ಹೀಗಾದರೆ ಗೆಡ್ಡೆ ಸೊರಗಿ ಸಾಯುತ್ತದೆ. ಯಾರೂ ಬೇಕೆಂದು ಕಿತ್ತೆಸೆದದ್ದಲ್ಲ. ಇದೆ ಎಂಬುದೇ ತಿಳಿಯದೆ ಕಳೆದುಕೊಂಡದ್ದು.

ಕಾಸರಗೋಡಿನ ಕಡೆ ಮನೆ ಆಶೀರ್ವಾದಕ್ಕೆಂದು ಹೋದಾಗ ನಾವು ಕೇಳಿದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಅಂಗಳಕ್ಕೆಲ್ಲ ಸಿಮೆಂಟ್ ಇಟ್ಟಿಗೆ ಹಾಸುವ ಕೆಲಸ ನಡೆದಿತ್ತು. ಪೇರಳೆ ಮರದ ಬುಡದಲ್ಲಿ ಒಂದು ಮೊರದಗಲದ ಜಾಗಕ್ಕೆ ಕಲ್ಲು ಸುತ್ತುಕಟ್ಟಿ, ಮನೆಯ ಹಿರಿಯಜ್ಜಿ ಅದರ ಪಕ್ಕದಲ್ಲೇ ಕುಳಿತಿದ್ದರು. ಮೊಮ್ಮಗನಿಗೆ ಬೇಸರ.

"ಅಜ್ಜಿ, ಅಲ್ಲಿ ಎಂತದ್ದೂ ಇಲ್ಲ. ಬರೀ ಮಣ್ಣು. ಅಷ್ಟು ಬಿಟ್ಟರೆ ನೋಡ್ಲಿಕ್ಕೆ ಚಂದ ಇರುವುದಿಲ್ಲ" ಎಂದ.

"ನಿನಗೆ ಕಾಣುವುದಿಲ್ಲ ಮಗಾ, ಅದಕ್ಕೆ ಇಲ್ಲ ಅಂತೀಯ. ನನ್ನ ಅತ್ತೆ ನೆಟ್ಟದ್ದು ಅಲ್ಲಿ ಮಲಗಿ ಉಂಟು. ಪಾಸ್ಖ ಹಬ್ಬ ಬರಲಿ, ಆಮೇಲೆ ನೋಡು" ಎಂದರು ಅಜ್ಜಿ. ನಮ್ಮ ಕಡೆಗೆ ತಿರುಗಿ, "ಅಲ್ವಾ ಫಾದರ್?" ಎಂದು ಕೇಳಿದರು.

ಕೆಲಸದವರು ನಕ್ಕು ಆ ಮೊರದಗಲದ ಜಾಗವನ್ನು ಬಿಟ್ಟು ಹಾಸಿದರು. ಹಬ್ಬದ ನಂತರದ ವಾರ ಆ ಮೊಮ್ಮಗನೇ ಮೊಬೈಲಿನಲ್ಲಿ ಹೂವಿನ ಚಿತ್ರ ತೆಗೆದು ಮನೆ ಮಂದಿಗೆಲ್ಲ ಕಳುಹಿಸಿದ್ದನಂತೆ.

ಮನೆಯಂಗಳಗಳಂತೆ ಚರ್ಚಿನ ಅಂಗಳಗಳೂ ಇಂದು ಮಣ್ಣು ಕಾಣದಂತಾಗುತ್ತಿವೆ. ವಾಹನ ನಿಲ್ಲಿಸಲು ಜಾಗ ಬೇಕು, ಮಳೆಗಾಲದಲ್ಲಿ ಕೆಸರಾಗಬಾರದು ಎಂಬುದು ನಿಜ. ಆದರೂ ಮರಗಳ ಬುಡದ ಸುತ್ತ ಎರಡು ಮೂರು ಅಡಿ ಮಣ್ಣನ್ನು ತೆರೆದು ಬಿಟ್ಟರೆ ಮರಕ್ಕೂ ನೀರು ಇಳಿಯುತ್ತದೆ, ನೆರಳಿನ ಹೂಗಿಡಗಳಿಗೂ ಠಾವು ಸಿಗುತ್ತದೆ.

ನೆಟ್ಟು ಬೆಳೆಸುವ ಬಗೆ

ನೆಲಸಂಪಿಗೆ ಬೀಜ ಕಟ್ಟುವುದು ಅಪರೂಪ. ಗೆಡ್ಡೆಯನ್ನು ಭಾಗ ಮಾಡಿ ನೆಡುವುದೇ ರೂಢಿ. ಹೀಗಾಗಿ ಈ ಗಿಡ ಒಂದು ಮನೆಯಿಂದ ಇನ್ನೊಂದು ಮನೆಗೆ ಬರುವುದು ಕೈಯಿಂದ ಕೈಗೆ. ಸೊಸೆ ತವರಿನಿಂದ ತಂದದ್ದು, ನೆರೆಯವರು ಸೆರಗಿನಲ್ಲಿ ಕಟ್ಟಿಕೊಟ್ಟದ್ದು ಹೀಗೆಯೇ ಅದರ ಪಯಣ.

ಕಾಲ: ಎಲೆ ಪೂರ್ತಿ ಒಣಗಿದ ಮೇಲೆ, ಹೂವು ಬರುವ ಮೊದಲು. ಅಂದರೆ ಜನವರಿ, ಫೆಬ್ರವರಿ. ಬುಡವನ್ನು ಬೇರುಬುಗುಟುಗಳ ಸಮೇತ ಮೆಲ್ಲನೆ ಎಬ್ಬಿಸಿ, ಪ್ರತಿ ಭಾಗಕ್ಕೂ ಒಂದು ಮೊಳಕೆಯ ಕಣ್ಣು, ನಾಲ್ಕಾರು ಬುಗುಟು ಉಳಿಯುವಂತೆ ಬಿಡಿಸಿ. ಕತ್ತರಿಸಿದ ಜಾಗಕ್ಕೆ ಒಲೆಯ ಬೂದಿ ಸವರಿ ಒಂದು ದಿನ ನೆರಳಿನಲ್ಲಿ ಆರಿಸಿದರೆ ಕೊಳೆಯುವ ಭಯ ಕಡಿಮೆ.

ಜಾಗ: ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದು, ಮಧ್ಯಾಹ್ನ ನೆರಳಿರುವ ಸ್ಥಳ. ಮಾವು, ಹಲಸು, ತೆಂಗು, ಅಡಿಕೆಯ ಬುಡ, ಮನೆಯ ಪೂರ್ವದ ಗೋಡೆಯ ಪಕ್ಕ ಎಲ್ಲವೂ ಆದೀತು. ನಡುಹಗಲಿನ ಬಿಸಿಲು ಬಿದ್ದರೆ ಎಲೆಯ ಅಂಚು ಕರಕಾಗುತ್ತದೆ.

ಮಣ್ಣು: ಸಡಿಲವಾಗಿ, ತರಗೆಲೆ ಗೊಬ್ಬರ ಸೇರಿ, ನೀರು ನಿಲ್ಲದಂತಿರಬೇಕು. ಗೆಡ್ಡೆಯ ಮೇಲೆ ಎರಡು ಅಂಗುಲ ಮಣ್ಣು ಸಾಕು. ಮೇಲೆ ತರಗೆಲೆ ಹೊದಿಸಿ. ಕುಂಡವಾದರೆ ಕೆಮ್ಮಣ್ಣು, ಮರಳು, ಹಳೆಯ ಸಗಣಿಗೊಬ್ಬರ ಅಥವಾ ಎಲೆಗೊಬ್ಬರ ಒಂದೊಂದು ಪಾಲು.

ನೀರು: ಎಲೆ ಇರುವವರೆಗೆ ಮಣ್ಣು ತೇವವಾಗಿರಲಿ. ಎಲೆ ಹಳದಿಯಾಗಲು ತೊಡಗಿದೊಡನೆ ಕಡಿಮೆ ಮಾಡಿ, ಒಣಗಿದ ಮೇಲೆ ನಿಲ್ಲಿಸಿ. ಮಲಗಿದ ಗೆಡ್ಡೆಗೆ ಕನಿಕರದಿಂದ ನೀರೆರೆದರೆ ಅದು ಕೊಳೆಯುತ್ತದೆ. ಕುಂಡದಲ್ಲಿ ಬೆಳೆಸುವವರು ಆ ತಿಂಗಳುಗಳಲ್ಲಿ ಕುಂಡವನ್ನು ಒಂದು ಮೂಲೆಗೆ ಸರಿಸಿಡಬಹುದು. ಬರಿಯ ಮಣ್ಣೆಂದು ಬೇರೆಯವರು ಚೆಲ್ಲದಂತೆ ಹೆಸರು ಬರೆದ ಚೀಟಿ ಸಿಕ್ಕಿಸುವುದನ್ನು ಮರೆಯಬೇಡಿ.

ಕಾಟ: ಮಳೆಗಾಲದಲ್ಲಿ ಬಸವನಹುಳುಗಳು ಎಳೆಯ ಎಲೆಯನ್ನು ತಿನ್ನುತ್ತವೆ. ಸಂಜೆ ಹೊತ್ತು ಕೈಯಿಂದ ಹೆಕ್ಕಿ ತೆಗೆಯುವುದೇ ಒಳ್ಳೆಯ ಉಪಾಯ. ಕಾಡಂಚಿನ ತೋಟಗಳಲ್ಲಿ ಹಂದಿ, ಮುಳ್ಳುಹಂದಿಗಳು ಗೆಡ್ಡೆ ಕೆದಕುವುದುಂಟು. ಅಲ್ಲಿ ಕಲ್ಲಿನ ಸುತ್ತುಕಟ್ಟು ಬೇಕು.

ನಿಮ್ಮ ಊರಿಗೆ ತಕ್ಕಂತೆ

ನಮ್ಮ ಪತ್ರಿಕೆಯ ಕುಟುಂಬಗಳು ಒಂದೇ ಹವೆಯಲ್ಲಿ ಬಾಳುವವರಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಸೊಲ್ಲಾಪುರಕ್ಕೆ ಬೀಳುವುದು ಸುಮಾರಾಗಿ ಅದರ ಐದನೆಯ ಒಂದು ಪಾಲು. ಆದ್ದರಿಂದ ಎಲ್ಲರಿಗೂ ಒಂದೇ ಮಾತು ಹೇಳಲಾಗದು.

ಕಾಸರಗೋಡು, ಗೋವೆಯ ಕರಾವಳಿಯವರಿಗೆ ಚಿಂತೆ ನೀರು ಹೆಚ್ಚಾಗುವುದರದ್ದು. ನೆಲದಿಂದ ಅರ್ಧ ಅಡಿ ಎತ್ತರಿಸಿದ ಪಾತಿಯಲ್ಲಿ ನೆಡಿ. ಮಾಡಿನ ನೀರು ನೇರವಾಗಿ ಬೀಳುವ ಜಾಗ ಬೇಡ.

ವಯನಾಡಿನವರು, ನೀಲಗಿರಿಯ ಕೆಳಹಂತದ ಗೂಡಲೂರಿನ ಕಡೆಯವರು ಅದೃಷ್ಟವಂತರು. ಕಾಫಿ, ಮೆಣಸಿನ ತೋಟದ ನೆರಳು ಈ ಗಿಡಕ್ಕೆ ಹೇಳಿ ಮಾಡಿಸಿದಂತಿದೆ. ಉದಕಮಂಡಲದಂಥ ಮೇಲಿನ ಊರುಗಳಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟುವುದರಿಂದ ಕುಂಡದಲ್ಲಿ ಬೆಳೆಸಿ, ಚಳಿಯಲ್ಲಿ ಒಳಗಿಡುವುದು ಕ್ಷೇಮ.

ಹೊಸೂರು, ತಾಳವಾಡಿಯಲ್ಲಿ ಮಾವು, ಹುಣಸೆ, ಹೊಂಗೆಯ ನೆರಳಿದೆ. ಮೇ ತಿಂಗಳ ಮಳೆ ಕೈಕೊಟ್ಟರೆ ವಾರಕ್ಕೆ ಎರಡು ಬಾರಿ ನೀರುಣಿಸಬೇಕು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿಯ ಕಪ್ಪುಮಣ್ಣು ಮಳೆಯಲ್ಲಿ ಅಂಟಾಗುತ್ತದೆ, ಬೇಸಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಅಲ್ಲಿ ಅಗಲವಾದ ಮಣ್ಣಿನ ಕುಂಡವೇ ಲೇಸು. ಪೂರ್ವದ ಜಗಲಿಯಲ್ಲೋ ಬೇವಿನ ನೆರಳಿನಲ್ಲೋ ಇಡಿ. ಸ್ನಾನದ ಮನೆಯ ಸೋಪಿನ ನೀರು ಬೇಡ. ಅಕ್ಕಿ, ಬೇಳೆ ತೊಳೆದ ನೀರೇ ಒಂದು ಕುಂಡಕ್ಕೆ ಸಾಕು.

ಅಂದಕ್ಕಾಗಿ ನೆಡುವವರು ಇನ್ನೊಂದನ್ನು ಗಮನಿಸಬೇಕು. ನೆಲಸಂಪಿಗೆಯೊಂದನ್ನೇ ನೆಟ್ಟ ಪಾತಿ ಚಳಿಗಾಲದಲ್ಲಿ ಬೋಳಾಗಿ ಕಾಣುತ್ತದೆ. ಅದರ ನಡುನಡುವೆ ವರ್ಷವಿಡೀ ಹಸಿರಾಗಿರುವ ಜರೀಗಿಡಗಳನ್ನು ಬೆಳೆಸಿದರೆ ಜಾಗ ತುಂಬಿಕೊಳ್ಳುತ್ತದೆ, ಗೆಡ್ಡೆಯ ಜಾಗವೆಂದು ಗುರುತೂ ಉಳಿಯುತ್ತದೆ. ಇದರ ಅಕ್ಕತಂಗಿಯಂತಿರುವ ಕಚ್ಚೋಲಂ, ಅಂದರೆ ಕಚೋರದ ಗಿಡವನ್ನೂ ಅಂಚಿಗೆ ನೆಡಬಹುದು. ಅದರ ದುಂಡನೆಯ ಎಲೆಗಳು ನೆಲಕ್ಕೆ ಹಾಸಿದಂತೆ ಬೆಳೆಯುತ್ತವೆ, ಪುಟ್ಟ ಬಿಳಿಹೂವು ಮಳೆಗಾಲದಲ್ಲಿ ಎಲೆಗಳ ನಡುವೆಯೇ ಅರಳುತ್ತದೆ.

ಎರಡು ಎಚ್ಚರಿಕೆಯ ಮಾತು

ಮೊದಲನೆಯದು ಮದ್ದಿನ ಬಗ್ಗೆ. ನೆಲಸಂಪಿಗೆಯ ಗೆಡ್ಡೆಯನ್ನು ಅರೆದು ಬಾವು, ಗಾಯಗಳಿಗೆ ಹಚ್ಚುವುದು ನಾಟಿವೈದ್ಯದಲ್ಲಿ ಬಹುಕಾಲದಿಂದ ಇದೆ. ಆಯುರ್ವೇದದಲ್ಲೂ ಅದಕ್ಕೆ ಸ್ಥಾನವಿದೆ. ಆದರೆ ಓದಿ ತಿಳಿದದ್ದನ್ನೇ ನಂಬಿ ಗೆಡ್ಡೆಯನ್ನು ಅಗೆದು ತಿನ್ನುವುದು ಅಪಾಯ. ಅದೇ ಕಾಡಂಚಿನಲ್ಲಿ, ಅದೇ ಮಳೆಗೆ ಚಿಗುರುವ ಇನ್ನೊಂದು ಗೆಡ್ಡೆಯಿದೆ. ಅದೇ ಅಗ್ನಿಶಿಖೆ, ನಮ್ಮಲ್ಲಿ ಕೆಲವರು ಗೌರಿಹೂ ಎನ್ನುವುದು, ತಮಿಳುನಾಡಿನ ರಾಜ್ಯಪುಷ್ಪ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಘೋರ ವಿಷವಿದೆ. ಸ್ವಲ್ಪ ತಿಂದರೂ ಪ್ರಾಣಕ್ಕೆ ಎರವಾಗಬಹುದು. ಎಲೆಯಿಲ್ಲದ ಕಾಲದಲ್ಲಿ ಗೆಡ್ಡೆ ನೋಡಿ ಗುರುತಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ಅಗ್ನಿಶಿಖೆಯ ಗೆಡ್ಡೆ ನೇಗಿಲಿನಂತೆ ಬಾಗಿ, ಕವಲೊಡೆದಂತಿರುತ್ತದೆ. ನೆಲಸಂಪಿಗೆಯದು ಚಿಕ್ಕದು, ಸುತ್ತ ಬುಗುಟುಬೇರುಗಳ ಗೊಂಚಲು, ಮುರಿದರೆ ಕರ್ಪೂರದಂಥ ಘಾಟು. ಈ ಗುರುತುಗಳು ತಿಳಿದಿದ್ದರೂ ಬಾಯಿಗೆ ಹಾಕುವ ಮೊದಲು ಬಲ್ಲ ವೈದ್ಯರನ್ನು ಕೇಳಲೇಬೇಕು. ಮಕ್ಕಳಿಗೆ ಈ ಮಾತನ್ನು ಮನೆಯಲ್ಲಿ ಒತ್ತಿ ಹೇಳಿ.

ಎರಡನೆಯದು ಕಾಡಿನ ಬಗ್ಗೆ. ಅಂಗಳದ ಅಂದಕ್ಕಾಗಿ ಕಾಡಿನಿಂದ ಗೆಡ್ಡೆ ಅಗೆದು ತರಬೇಡಿ. ವಯನಾಡು, ಮುದುಮಲೈ, ಸತ್ಯಮಂಗಲದಂಥ ಸಂರಕ್ಷಿತ ಅರಣ್ಯಗಳಲ್ಲಿ ಅದು ಕಾನೂನಿನ ಪ್ರಕಾರ ಅಪರಾಧವೂ ಹೌದು. ತಾಳವಾಡಿಯ ಸುತ್ತಲಿನ ಸತ್ಯಮಂಗಲ ಕಾಡು ೨೦೧೩ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು ಎಂಬುದು ಆ ಭಾಗದ ಓದುಗರಿಗೆ ಗೊತ್ತೇ ಇದೆ. ಬೀಜದಿಂದ ಸುಲಭವಾಗಿ ಹುಟ್ಟದ ಗಿಡ, ಗೆಡ್ಡೆ ಕಿತ್ತರೆ ಆ ಜಾಗದಲ್ಲಿ ಮತ್ತೆ ತಾನಾಗಿ ಬರುವುದು ಕಷ್ಟ. ಒಂದು ಬುಡ ನೆರೆಮನೆಯಿಂದಲೋ ನಂಬಿಕೆಯ ನರ್ಸರಿಯಿಂದಲೋ ಬಂದರೆ ಸಾಕು. ಚೆನ್ನಾಗಿ ನೋಡಿಕೊಂಡರೆ ಕೆಲವೇ ವರ್ಷಗಳಲ್ಲಿ ಹಂಚುವಷ್ಟು ಆಗುತ್ತದೆ. ಕಾಡಿನ ಗಿಡಗಳನ್ನು ಕಾಪಾಡುವುದು ಎಷ್ಟು ತಾಳ್ಮೆಯ ಕೆಲಸ ಎಂಬುದಕ್ಕೆ ವಯನಾಡಿನ ಪೆರಿಯದಲ್ಲಿರುವ ಗುರುಕುಲ ಸಸ್ಯಧಾಮ ಒಳ್ಳೆಯ ನಿದರ್ಶನ. ಜರ್ಮನಿಯಿಂದ ಬಂದು ಅಲ್ಲಿಯೇ ನೆಲೆಸಿದ ವೂಲ್ಫ್‌ಗಾಂಗ್ ತೊಯೆರ್ಕಾಫ್ ಅವರು ೧೯೮೧ರಲ್ಲಿ ಅದನ್ನು ಆರಂಭಿಸಿದರು. ೨೦೧೪ರಲ್ಲಿ ಅವರು ತೀರಿಕೊಂಡ ಮೇಲೂ ಅವರ ಜೊತೆ ದುಡಿದ ಸ್ಥಳೀಯ ಮಹಿಳೆಯರು ಪಡುವಣ ಘಟ್ಟದ ಗಿಡಗಳನ್ನು ಕೈಯಾರೆ ಸಲಹುತ್ತ ಬಂದರು.

ಹಬ್ಬಕ್ಕೆ ಒಂದು ಕುಂಡ

ಪಾಸ್ಖ ಹಬ್ಬ ಮಾರ್ಚ್ ೨೨ರಿಂದ ಏಪ್ರಿಲ್ ೨೫ರ ನಡುವೆ ಯಾವ ಭಾನುವಾರವಾದರೂ ಬರಬಹುದು. ನೆಲಸಂಪಿಗೆಗೆ ಪಂಚಾಂಗ ತಿಳಿಯದು. ನೆಲದ ಕಾವು, ಮಳೆಯ ಹನಿ ಅದಕ್ಕೆ ಕರೆ. ಹಾಗಾಗಿ ಕೆಲವು ವರ್ಷ ಗರಿಗಳ ಭಾನುವಾರಕ್ಕೇ ಅರಳೀತು, ಕೆಲವು ವರ್ಷ ಹಬ್ಬ ಕಳೆದು ಎರಡು ವಾರಕ್ಕೆ ಬಂದೀತು. ಹಬ್ಬದ ಹೊತ್ತಿಗೇ ಅರಳಿದರೆ ಕಿತ್ತು ಹೂದಾನಿಯಲ್ಲಿಡಲು ಹೋಗಬೇಡಿ. ಕಿತ್ತ ಹೂವು ಬಲಿಪೂಜೆ ಮುಗಿಯುವ ಮೊದಲೇ ಬಾಡುತ್ತದೆ, ಮಾಲೆಗೂ ಬಾರದು. ಕುಂಡವನ್ನೇ ತಂದು ಬಲಿಪೀಠದ ಮೆಟ್ಟಿಲ ಬಳಿಯಲ್ಲಿಡಿ. ಮರುದಿನ ಇನ್ನೊಂದು ಹೂವು ಅಲ್ಲೇ ಅರಳಿರುತ್ತದೆ. ಕೊಂಡು ತಂದ ಹೂಗುಚ್ಛಗಳ ನಡುವೆ ಬರಿ ಮಣ್ಣಿನಿಂದ ಎದ್ದ ಆ ಹೂವು ಮಕ್ಕಳಿಗೆ ಹೇಳುವ ಪಾಠ ನಮ್ಮ ಪ್ರಬೋಧನೆಗಿಂತ ಬೇಗ ನಾಟೀತು.

ಧರ್ಮೋಪದೇಶದ ತರಗತಿಯ ಮಕ್ಕಳಿಗೆ ಒಂದು ಸುಲಭದ ಕೆಲಸ ಕೊಡಬಹುದು. ಮನೆಯಲ್ಲಿ ನೆಲಸಂಪಿಗೆ ಇದ್ದರೆ, ಎಲೆ ಒಣಗುವ ಮೊದಲು, ನವೆಂಬರ್ ತಿಂಗಳಲ್ಲಿ, ಅದರ ಸುತ್ತ ನಾಲ್ಕು ಕಲ್ಲು ಇಟ್ಟು ಗುರುತು ಮಾಡಲಿ. ಮೊದಲ ಹೂವು ಅರಳಿದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ. ನಾಲ್ಕಾರು ವರ್ಷ ಹೀಗೆ ಬರೆದಿಟ್ಟರೆ ನಮ್ಮ ಊರಿನ ಮಳೆ, ಬಿಸಿಲು ಹೇಗೆ ಬದಲಾಗುತ್ತಿದೆ ಎಂಬುದೂ ಅದರಲ್ಲಿ ಕಾಣಸಿಗುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಹಿರಿಯರನ್ನು ಕೇಳಲಿ. ಯಾರ ಹಿತ್ತಿಲಿನಲ್ಲಿ ಇದೆ ಎಂಬುದು ಊರಿನ ಅಜ್ಜಿಯರಿಗೆ ಗೊತ್ತಿರುತ್ತದೆ. ಆ ನೆವದಲ್ಲಿ ಅವರೊಡನೆ ಹತ್ತು ನಿಮಿಷ ಕುಳಿತು ಮಾತನಾಡಿದರೆ ಅವರಿಗೂ ಸಂತೋಷ.

ಈ ಸಲ ಅಂಗಳದ ಕೆಲಸಕ್ಕೆ ಆಳು ಕರೆಸುವ ಮೊದಲು, ತೋಟಕ್ಕೆ ಮದ್ದು ಹೊಡೆಸುವ ಮೊದಲು, ಮರದ ಬುಡದಲ್ಲಿ ಏನು ಮಲಗಿದೆ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ. ಒಂದು ಮೊರದಗಲ ಮಣ್ಣನ್ನು ಬಿಡಿ. ಒಂದು ಗೆಡ್ಡೆಯನ್ನು ನೆರೆಮನೆಗೆ ಕೊಡಿ. ಬೇಸಗೆಯ ಒಂದು ಬೆಳಿಗ್ಗೆ ಅದು ತನ್ನ ಪಾಡಿಗೆ ತಾನು ಎದ್ದು ಬರುತ್ತದೆ.